ಟೇಪು ಹಿಡಿದು ಕಾಣುವ ಹಗಲುಗನಸು

ಊರಾಚೆಯ ಬಡಾವಣೆಯಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಯ ನಕ್ಷೆಯೇ ಪಕ್ಕದ ಮನೆಯದ್ದೂ ಆಗಿರುತ್ತದೆ. ಹಾಲ್ ಅಲ್ಲೇ, ಅಡುಗೆಮನೆ ಅಲ್ಲೇ, ಬಾತ್‌ರೂಮಿನ ಬಾಗಿಲು ತೆರೆಯುವ ದಿಕ್ಕೂ ಅದೇ. ಹಾಗಾಗಿ ಸಂಜೆ ವಾಕಿಂಗ್ ಹೊರಟರೆ, ಒಂದೇ ಪ್ರಶ್ನೆಗೆ ಬೀದಿಯವರೆಲ್ಲ ಬರೆದ ಉತ್ತರ ಪತ್ರಿಕೆ ತಿರುವಿ ಹಾಕಿದಂತಾಗುತ್ತದೆ. ಒಬ್ಬರು ಕಿಟಕಿ ಪಕ್ಕ ಓದುವ ಮೇಜು ಹಾಕಿದ್ದಾರೆ. ಇನ್ನೊಬ್ಬರು ಅದೇ ಕಿಟಕಿಗೆ ಬೀರು ಅಡ್ಡ ನಿಲ್ಲಿಸಿದ್ದಾರೆ. ಮೂರನೆಯವರು ಬಾಲ್ಕನಿಗೆ ಗಾಜು ಹಾಕಿಸಿ ಅದನ್ನೇ ಒಂದು ರೂಮು ಮಾಡಿಕೊಂಡಿದ್ದಾರೆ. ಡಿಸೈನ್ ಹುಚ್ಚಿನವರಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಎಲ್ಲಿ ಸಿಗುತ್ತದೆ ಹೇಳಿ.

ನಾನು ಆರ್ಕಿಟೆಕ್ಟ್ ಅಲ್ಲ, ಡಿಸೈನರ್ ಕೂಡ ಅಲ್ಲ. ಎಲ್ಲಿಗೇ ಹೋದರೂ ಕುರ್ಚಿ ಮಗುಚಿ ಕಾಲು ಹೇಗೆ ಜೋಡಿಸಿದ್ದಾರೆ ಅಂತ ನೋಡುವ ಪೈಕಿ. ಬಾಗಿಲ ಹಿಡಿಕೆಯನ್ನು ಸುಮ್ನೆ ಒಂದು ಸಲ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡುವ ಪೈಕಿ. ಜೊತೆಗೆ ಬಂದವರು ಅಷ್ಟು ಹೊತ್ತು ಕಾಯುತ್ತಾ ನಿಂತಿರುತ್ತಾರೆ. ಇಲ್ಲಿ ನಗುತ್ತಿರುವವರ ಮನೆಯಲ್ಲೂ ಇದೇ ಕಥೆ ಅಂತ ಕಾಣುತ್ತದೆ.

ಒಂದೇ ನಮೂನೆ ಮನೆಗಳನ್ನು ಸಾಲಾಗಿ ಕಟ್ಟುವುದು ದೊಡ್ಡ ಪ್ರಮಾಣದಲ್ಲಿ ಹೇಗೆ ನಡೆಯಿತು ಅಂತ ನೋಡಬೇಕಾದರೆ ಅಮೆರಿಕದ ಲೆವಿಟೌನ್ ನೋಡಬೇಕು. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ, ಹೊಲಗಳಿದ್ದ ಜಾಗದಲ್ಲಿ 1947ರಲ್ಲಿ ಕೆಲಸ ಶುರುವಾಯಿತು. ಕೆಲವೇ ವರ್ಷಗಳಲ್ಲಿ 17,000ಕ್ಕೂ ಜಾಸ್ತಿ ಮನೆ ಎದ್ದವು. ಕಾರ್ಖಾನೆಯಲ್ಲಿ ವಸ್ತು ಮುಂದಕ್ಕೆ ಸಾಗುತ್ತದೆ, ಕೆಲಸಗಾರ ನಿಂತಲ್ಲೇ ಇರುತ್ತಾನೆ. ಇಲ್ಲಿ ಮನೆ ನಿಂತಲ್ಲೇ ಇತ್ತು, ಕೆಲಸಗಾರರ ಗುಂಪುಗಳು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿದವು. ಒಂದು ಗುಂಪಿಗೆ ಒಂದೇ ಕೆಲಸ. ಕಪ್ಪು ಜನರಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ. ಆ ಬಡಾವಣೆಯ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು.

ನನಗೆ ಅಲ್ಲಿ ಇಷ್ಟವಾದದ್ದು ಮನೆಗಳಲ್ಲ, ಆಮೇಲೆ ನಡೆದದ್ದು. ಮೊದಲ ಮಾದರಿಯಲ್ಲಿ ಮಾಡಿನ ಕೆಳಗಿನ ಅಟ್ಟವನ್ನು ಕೆಲಸ ಮುಗಿಸದೆ ಹಾಗೇ ಬಿಟ್ಟಿದ್ದರು. ಜನ ಅದನ್ನು ರೂಮು ಮಾಡಿಕೊಂಡರು. ಮಾಡು ಎತ್ತರಿಸಿದರು, ಪಕ್ಕಕ್ಕೆ ಬೆಳೆಸಿದರು, ಮುಂಬಾಗಿಲು ಬದಲಿಸಿದರು. ಇವತ್ತು ಅಲ್ಲಿ ಮೊದಲಿದ್ದಂತೆ ಉಳಿದ ಮನೆ ಹುಡುಕಿಕೊಂಡು ಹೋಗಬೇಕು. ಒಂದೇ ಥರದ ಮನೆ ಕೊಟ್ಟರೆ ಜನರೂ ಒಂದೇ ಥರ ಆಗುತ್ತಾರೆ ಅಂತ ಆಗ ಹೆದರಿದವರಿದ್ದರು. ಆ ಮನೆಯವರು ಹಗಲುಗನಸು ಕಾಣುತ್ತಾರೆ ಅನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಗಲುಗನಸಿನಲ್ಲೂ ಎರಡು ಥರ ಇದೆ. ಒಂದು ಫೋಟೋ ನೋಡಿ ಕಾಣುವುದು. ಇನ್ನೊಂದು ಅಳತೆ ಹಿಡಿದು ಕಾಣುವುದು. ನಾನು ಇವತ್ತು ಎರಡನೆಯದರ ಪರವಾಗಿ ವಾದ ಮಾಡಲು ಬಂದಿದ್ದೇನೆ.

ಫೋಟೋ ಕನಸು ನಿಮಗೆ ಗೊತ್ತೇ ಇದೆ. ಪತ್ರಿಕೆಯಲ್ಲಿ ಒಂದು ಹಾಲ್ ಇರುತ್ತದೆ. ಬಿಳಿ ಗೋಡೆ, ಮರದ ನೆಲ, ಒಂದು ಸೋಫಾ, ಒಂದು ದೀಪ. ಸ್ವಲ್ಪ ಹತ್ತಿರ ಹಿಡಿದು ನೋಡಿ. ದೀಪಕ್ಕೆ ವೈರು ಇಲ್ಲ. ವೈರು ಇರಲೇಬೇಕು, ಇಲ್ಲದಿದ್ದರೆ ದೀಪ ಉರಿಯುವುದು ಹೇಗೆ? ಅದನ್ನು ಅಳಿಸಿದ್ದಾರೆ, ಇಲ್ಲವೇ ಕಾರ್ಪೆಟ್ಟಿನ ಕೆಳಗೆ ತಳ್ಳಿದ್ದಾರೆ. ಚಾರ್ಜರ್ ಇಲ್ಲ, ಚಪ್ಪಲಿ ಇಲ್ಲ, ಕಸದ ಬುಟ್ಟಿ ಇಲ್ಲ, ಒಗೆದು ಮಡಿಸದೆ ಬಿಟ್ಟ ಬಟ್ಟೆಯ ರಾಶಿ ಇಲ್ಲ. ಆ ಫೋಟೋ ನೋಡಿ ನಮ್ಮ ಮನೆ ನೋಡಿದರೆ ನಮ್ಮದೇ ತಪ್ಪು ಅನಿಸುತ್ತದೆ. ತಪ್ಪು ನಮ್ಮದಲ್ಲ. ನಮ್ಮ ಮನೆಯಲ್ಲಿ ಜನ ಇದ್ದಾರೆ, ಅಷ್ಟೇ.

ಅಳತೆಯ ಕನಸಿಗೆ ಬೇಕಾದದ್ದು ಒಂದು ಟೇಪು, ಒಂದು ಪುಸ್ತಕ, ಹಳೆಯ ಪೇಪರು. ಹೊಸ ಸೋಫಾ ಬೇಕು ಅನಿಸಿದರೆ ಅದರ ಉದ್ದ ಅಗಲ ಬರೆದುಕೊಳ್ಳಿ. ಪೇಪರುಗಳನ್ನು ಅಂಟಿಸಿ ಅದೇ ಅಳತೆಗೆ ಕತ್ತರಿಸಿ. ಹಾಲಿನ ನೆಲಕ್ಕೆ ಹಾಸಿ, ಒಂದು ವಾರ ಬಿಡಿ. ಅದರ ಮೇಲೆ ಕಾಲಿಡಬಾರದು, ಇದೊಂದೇ ನಿಯಮ. ಎರಡನೇ ದಿನಕ್ಕೇ ಗೊತ್ತಾಗುತ್ತದೆ, ಬಾಲ್ಕನಿಗೆ ಹೋಗುವಾಗ ಎಲ್ಲರೂ ಅಡ್ಡಡ್ಡ ತಿರುಗಿ ನುಸುಳುತ್ತಿದ್ದಾರೆ. ಮಕ್ಕಳು ನೇರ ಪೇಪರು ತುಳಿದುಕೊಂಡೇ ಓಡುತ್ತಾರೆ. ಅಲ್ಲಿಗೆ ಸೋಫಾ ಎಲ್ಲಿ ಇಡಬಾರದು ಅನ್ನುವುದು ತೀರ್ಮಾನವಾಯಿತು. ಪೈಸೆ ಖರ್ಚಿಲ್ಲ. ಕನಸು ಮಾತ್ರ ಮೊದಲಿಗಿಂತ ಜಾಸ್ತಿ ರುಚಿ ಹತ್ತುತ್ತದೆ, ಯಾಕೆಂದರೆ ಈಗ ನಿಮಗೆ ಬಿಡಿಸಲು ಒಂದು ಲೆಕ್ಕ ಸಿಕ್ಕಿದೆ.

ಅಳತೆಯ ಹುಚ್ಚು ತೀರಾ ಹೆಚ್ಚಾದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಲುಡ್‌ವಿಗ್ ವಿಟ್‌ಗೆನ್‌ಸ್ಟೈನ್ ಹೆಸರು ಕೇಳಿದ್ದೀರಿ, ತತ್ವಶಾಸ್ತ್ರದವರು. 1926ರಿಂದ 1928ರವರೆಗೆ ಅವರು ವಿಯೆನ್ನಾದಲ್ಲಿ ತಮ್ಮ ಅಕ್ಕನಿಗಾಗಿ ಒಂದು ಮನೆ ಕಟ್ಟುವ ಕೆಲಸದಲ್ಲಿ ಮುಳುಗಿದ್ದರು. ಬಾಗಿಲ ಹಿಡಿಕೆ, ಕಿಟಕಿಯ ಚಿಲಕ, ಕೋಣೆ ಬೆಚ್ಚಗಿಡುವ ರೇಡಿಯೇಟರ್, ಎಲ್ಲ ಅವರೇ ಕೂತು ರೂಪಿಸಿದ್ದು. ಮನೆ ಹೆಚ್ಚುಕಡಿಮೆ ಮುಗಿದಿದೆ, ಒರೆಸಿ ಗುಡಿಸುವುದು ಬಾಕಿ. ಆಗ ಅವರಿಗೆ ಒಂದು ದೊಡ್ಡ ಕೋಣೆಯ ಚಾವಣಿ ಸರಿಯಿಲ್ಲ ಅನಿಸಿತು. ಅದನ್ನು 3 ಸೆಂಟಿಮೀಟರ್ ಮೇಲಕ್ಕೆ ಎತ್ತಿಸಿದರು! ಈ ಕಥೆ ಕೇಳಿದಾಗಲೆಲ್ಲ ನನಗೆ ಆ ಮೇಸ್ತ್ರಿಯ ಮುಖ ಕಣ್ಣ ಮುಂದೆ ಬರುತ್ತದೆ. ಆ ಹಿಡಿಕೆಗಳ ಫೋಟೋ ನೋಡಿದ್ದೇನೆ. ಬಾಗಿಸಿದ ಒಂದು ಲೋಹದ ಸರಳು, ಮೇಲೆ ಒಂದು ಅಲಂಕಾರವೂ ಇಲ್ಲ. ಕನಸಿನಲ್ಲಿ ನನ್ನ ಮನೆಯ ಎಲ್ಲ ಬಾಗಿಲಿಗೂ ಅವನ್ನೇ ಹಾಕಿಸಿದ್ದೇನೆ.

ನಿಮ್ಮ ಮನೆಗೆ ಮೆಟ್ಟಿಲು ಇದ್ದರೆ ಇವತ್ತೇ ಹೋಗಿ ಅಳೆಯಿರಿ. ಒಂದು ಮೆಟ್ಟಿಲ ಎತ್ತರ ಎಷ್ಟು, ಕಾಲಿಡುವ ಜಾಗ ಎಷ್ಟು ಆಳ ಅಂತ ನೋಡಿ. ಎತ್ತರವನ್ನು ಎರಡರಿಂದ ಗುಣಿಸಿ ಆಳ ಕೂಡಿಸಿ. ಸುಮಾರು 63 ಸೆಂಟಿಮೀಟರ್ ಬಂದರೆ ಹತ್ತಲು ಹಿತವಾದ ಮೆಟ್ಟಿಲು. 17 ಎತ್ತರ, 29 ಆಳ ಅಂದುಕೊಳ್ಳಿ, 17ರ ಎರಡರಷ್ಟು 34, ಕೂಡಿಸಿದರೆ 63. ಈ ಸೂತ್ರ 17ನೇ ಶತಮಾನದ ಫ್ರೆಂಚ್ ಆರ್ಕಿಟೆಕ್ಟ್ ಫ್ರಾಂಸ್ವಾ ಬ್ಲಾಂಡೆಲ್ ಅವರದು. ಮನುಷ್ಯನ ಹೆಜ್ಜೆಯ ಉದ್ದದಿಂದ ಲೆಕ್ಕ ಹಿಡಿದದ್ದು. ಮೇಲೆ ಹತ್ತಿದಷ್ಟೂ ಮುಂದೆ ಹೋಗುವುದು ಕಡಿಮೆಯಾಗಬೇಕು, ಒಟ್ಟು ದುಡಿಮೆ ಒಂದು ಹೆಜ್ಜೆಯಷ್ಟೇ ಇರಬೇಕು ಅನ್ನುವ ಯೋಚನೆ. ಮೂರೂವರೆ ಶತಮಾನ ಆಗುತ್ತಾ ಬಂತು, ಇನ್ನೂ ಅದೇ ಸೂತ್ರ ನಡೆಯುತ್ತಿದೆ.

ಇನ್ನೊಂದು ವಿಷಯ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇದೆಯಾ ನೋಡಿ. ಮೂರ್ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಅಳತೆ ಕಲಿತುಬಿಡುತ್ತದೆ, ಆಮೇಲೆ ಕಣ್ಣಿನ ಸಹಾಯ ಕೇಳುವುದಿಲ್ಲ. ಒಂದು ಮೆಟ್ಟಿಲು ಮಾತ್ರ ಒಂದೂವರೆ ಸೆಂಟಿಮೀಟರ್ ಜಾಸ್ತಿ ಇದ್ದರೂ ಅಲ್ಲೇ ಎಡವುವುದು. ಹೆಚ್ಚಾಗಿ ಇದು ಮೊದಲನೇ ಮೆಟ್ಟಿಲು ಇಲ್ಲವೇ ಕೊನೆಯದು. ಯಾಕೆಂದರೆ ಮೆಟ್ಟಿಲು ಕಟ್ಟಿದ ಮೇಲೆ ನೆಲಕ್ಕೆ ಟೈಲ್ಸ್ ಹಾಕುತ್ತಾರೆ, ಲೆಕ್ಕ ತಪ್ಪುತ್ತದೆ. ಮನೆಗೆ ಬಂದವರೆಲ್ಲ ಒಂದೇ ಕಡೆ ಎಡವುತ್ತಿದ್ದರೆ ಅವರನ್ನು ಬೈಯಬೇಡಿ.

ಈಗ ದೀಪಕ್ಕೆ ಬರೋಣ. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಡಿಸೈನ್ ಇಷ್ಟಪಡುವವರ ಕನಸಿನಲ್ಲಿ ಒಂದು ದೀಪ ಬಂದೇ ಬರುತ್ತದೆ, ಆರ್ಕೋ. ಇಟಲಿಯ ಕ್ಯಾಸ್ತಿಲಿಯೋನಿ ಅಣ್ಣತಮ್ಮಂದಿರು, ಅಕಿಲೆ ಮತ್ತು ಪಿಯೆರ್ ಜಾಕೊಮೊ, 1962ರಲ್ಲಿ ಮಾಡಿದ್ದು. ನೆಲದ ಮೇಲೆ ಒಂದು ಮಾರ್ಬಲ್ ದಿಮ್ಮಿ. ಅದರಿಂದ ಎದ್ದ ಸ್ಟೀಲಿನ ಕಮಾನು ಬಾಗಿ ಬಂದು, ಎರಡು ಮೀಟರಿನಷ್ಟು ಆಚೆ ಮೇಜಿನ ನೆತ್ತಿಯ ಮೇಲೆ ಬೆಳಕು ಚೆಲ್ಲುತ್ತದೆ. ಅವರಿಗೆ ಇದು ಹೊಳೆದದ್ದು ಬೀದಿದೀಪ ನೋಡಿ. ಚಾವಣಿಗೆ ತೂತು ಕೊರೆಯದೆ ಮೇಜಿನ ಮೇಲೆ ದೀಪ ಬರಬೇಕು, ಹಿಂದಿನಿಂದ ಒಬ್ಬರು ಓಡಾಡುವಷ್ಟು ಜಾಗವೂ ಇರಬೇಕು, ಇದು ಪ್ರಶ್ನೆ. ಬಾಡಿಗೆ ಮನೆಯಲ್ಲಿ ಇರುವವರಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ.

ಫೋಟೋ ನೋಡುವವರು ಕಮಾನು ನೋಡುತ್ತಾರೆ. ನೀವು ಕೆಳಗಿನ ಮಾರ್ಬಲ್ ನೋಡಿ. ಅದು ಸುಮಾರು 65 ಕಿಲೋ. ಅಷ್ಟು ಭಾರ ಯಾಕೆಂದರೆ ಕಮಾನು ಮುಂದಕ್ಕೆ ವಾಲದಂತೆ ಹಿಡಿದುಕೊಳ್ಳಬೇಕು. ಸರಿ, ಅಷ್ಟು ಭಾರವನ್ನು ಸರಿಸುವುದು ಹೇಗೆ? ಆ ದಿಮ್ಮಿಯಲ್ಲಿ ಒಂದು ದುಂಡನೆ ತೂತು ಇದೆ. ಪೊರಕೆಯ ಕೋಲನ್ನು ಅದರೊಳಗೆ ತೂರಿಸಿ ಇಬ್ಬರು ಎರಡು ಕಡೆ ಹಿಡಿದು ಎತ್ತಬಹುದು. ಅಂಚುಗಳನ್ನು ಸವರಿದ್ದಾರೆ, ಓಡಾಡುವವರ ಕಾಲಿಗೆ ಚುಚ್ಚದಿರಲಿ ಅಂತ. ತೂತನ್ನು ಶೋಕಿಗೆ ಕೊರೆದಿದ್ದಾರೆ ಅಂದುಕೊಂಡವರೇ ಜಾಸ್ತಿ. ಅಷ್ಟು ದುಬಾರಿ ದೀಪಕ್ಕೆ ಪೊರಕೆ ಕೋಲಿನ ಅಳತೆ ಹಿಡಿದವರ ಮೇಲೆ ನನಗೆ ಗೌರವ ಇದೆ.

ಆದರೂ ಆ ಅಣ್ಣತಮ್ಮಂದಿರ ಕೆಲಸದಲ್ಲಿ ಒಂದನ್ನು ಮಾತ್ರ ಆರಿಸು ಅಂದರೆ ನಾನು ಆರ್ಕೋ ಆರಿಸುವುದಿಲ್ಲ. 1968ರಲ್ಲಿ ಅವರು ಒಂದು ಪುಟ್ಟ ಸ್ವಿಚ್ಚು ಮಾಡಿದರು. ಮೇಜಿನ ದೀಪದ ವೈರಿನ ನಡುವೆ ಇರುತ್ತದಲ್ಲ, ಬೆರಳಿನಿಂದ ಒತ್ತುವ ಸ್ವಿಚ್ಚು, ಅದು. ಲಕ್ಷಗಟ್ಟಲೆ ತಯಾರಾಯಿತು. ಕೊಂಡವರಿಗೆ ಯಾರು ಡಿಸೈನ್ ಮಾಡಿದರು ಅನ್ನುವುದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಕೈಗೆ ನುಣುಪು, ಕಿವಿಗೆ ಟಕ್ ಅನ್ನುವ ಸದ್ದು. ಕತ್ತಲಲ್ಲಿ ವೈರು ಹಿಡಿದು ಬೆರಳು ಜಾರಿಸುತ್ತಾ ಹೋದರೆ ಸಿಗುತ್ತದೆ. ಅಕಿಲೆ ಅವರಿಗೂ ತಮ್ಮ ಕೆಲಸಗಳಲ್ಲಿ ಇದರ ಮೇಲೆ ತುಂಬ ಅಭಿಮಾನ ಇತ್ತು. ಆರ್ಕೋ ನಮ್ಮ ಮನೆಗೆ ಬರುವುದು ಅನುಮಾನ. ಒಳ್ಳೆ ಸ್ವಿಚ್ಚು ಯಾರ ಮನೆಗೆ ಬೇಕಾದರೂ ಬರಬಹುದು, ಅಲ್ವಾ?

ಬೆಳಕಿನ ವಿಷಯದಲ್ಲಿ ನಮ್ಮ ಮನೆಗಳ ದೊಡ್ಡ ತೊಂದರೆ ಏನೆಂದರೆ ಚಾವಣಿಯ ನಡುವೆ ಒಂದು ದೀಪ ಹಾಕಿ ಮುಗಿಸಿಬಿಡುತ್ತಾರೆ. ಓದಲು ಕೂತರೆ ನಮ್ಮ ತಲೆಯ ನೆರಳೇ ಪುಸ್ತಕದ ಮೇಲೆ. ಡೆನ್ಮಾರ್ಕಿನ ದೀಪದ ಡಿಸೈನರ್ ಪೌಲ್ ಹೆನ್ನಿಂಗ್‌ಸೆನ್ 1920ರ ದಶಕದ ಮಧ್ಯದಿಂದಲೂ ಈ ಒಂದು ವಿಷಯದ ಹಿಂದೆ ಬಿದ್ದಿದ್ದರು. ಎಣ್ಣೆ ದೀಪದ ಬೆಳಕಿನಲ್ಲಿ ಬೆಳೆದ ಕಣ್ಣಿಗೆ ವಿದ್ಯುತ್ ಬಲ್ಬು ಚುಚ್ಚುತ್ತಿತ್ತು. ಒಂದರ ಮೇಲೊಂದು ಮೂರು ಮರೆಗಳನ್ನು ಇಟ್ಟು, ಅವುಗಳ ಬಾಗು ಎಷ್ಟಿರಬೇಕು ಅಂತ ಲೆಕ್ಕ ಹಾಕಿದರು. ಬೆಳಕು ಮರೆಗೆ ಬಡಿದು ಮೇಜಿಗೆ ಬೀಳಬೇಕು, ಕೂತವರ ಕಣ್ಣಿಗೆ ಬಲ್ಬು ನೇರವಾಗಿ ಕಾಣಬಾರದು. ಅಷ್ಟೇ ಗುರಿ. ಇವತ್ತು ಮನೆಗೆ ಹೋಗಿ ನೀವು ದಿನಾ ಕೂರುವ ಜಾಗದಲ್ಲಿ ಕೂತು ಎಷ್ಟು ಬಲ್ಬು ನೇರ ಕಣ್ಣಿಗೆ ಬೀಳುತ್ತವೆ ಅಂತ ಎಣಿಸಿ ನೋಡಿ. ಹಾಗೇ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 2,700 ಅಂದರೆ ಹಳದಿ ಛಾಯೆ, 6,500 ಅಂದರೆ ನೀಲಿ ಬಿಳುಪು. ಒಂದೇ ಕೋಣೆಯಲ್ಲಿ ಎರಡೂ ಉರಿಯುತ್ತಿದ್ದರೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಒಂದು ಬಲ್ಬು ಬದಲಿಸಿದರೆ ಸಾಕು.

ಬಣ್ಣದ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಶೇಡ್ ಕಾರ್ಡು ಹಿಡಿದು ಕೂರುವುದು ಎಂಥ ಸುಖ! ಒಂದೊಂದು ಬಿಳಿಗೂ ಒಂದೊಂದು ಹೆಸರು. ಆದರೆ ಹೆಬ್ಬೆರಳಿನಷ್ಟು ಚೂರು ನೋಡಿ ನಾಲ್ಕು ಗೋಡೆಗೆ ಬಣ್ಣ ಆರಿಸುವುದು ಜೂಜಾಟ. ಗೋಡೆಗೆ ಬಳಿದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಂದು ಗೋಡೆ ಇನ್ನೊಂದರ ಮೇಲೆ ತನ್ನ ಬಣ್ಣ ಚೆಲ್ಲುತ್ತದೆ. ಪ್ಯಾರಿಸ್ಸಿನ ಗೋಬ್ಲಾ ಅನ್ನುವ ನೇಯ್ಗೆ ಕಾರ್ಖಾನೆಯಲ್ಲಿ ಷೆವ್ರೆಲ್ ಅನ್ನುವ ರಸಾಯನ ವಿಜ್ಞಾನಿ ಇದ್ದರು, ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ದಾರ ಮಂಕಾಗಿದೆ, ಬಣ್ಣ ಸರಿಯಾಗಿ ಕೂತಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರು. ಬಣ್ಣದಲ್ಲಿ ದೋಷ ಇರಲಿಲ್ಲ. ನೀಲಿ, ನೇರಳೆ ದಾರಗಳ ಪಕ್ಕ ನೇಯ್ದಾಗ ಕಪ್ಪು ಮಂಕಾಗಿ ಕಾಣುತ್ತಿತ್ತು. ಪಕ್ಕದ ಬಣ್ಣ ಕಣ್ಣನ್ನು ಹೇಗೆ ಬದಲಿಸುತ್ತದೆ ಅಂತ ಅವರು 1839ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಹಾಗಾಗಿ ನನ್ನ ಸಲಹೆ ಇಷ್ಟೇ, ಒಂದು ದೊಡ್ಡ ರಟ್ಟಿಗೆ ಬಣ್ಣ ಬಳಿದುಕೊಳ್ಳಿ. ಬೆಳಿಗ್ಗೆ ಒಂದು ಗೋಡೆಗೆ ಒರಗಿಸಿ, ಸಂಜೆ ಇನ್ನೊಂದಕ್ಕೆ. ಸೋಫಾ ಪಕ್ಕ, ಪರದೆ ಪಕ್ಕ, ರಾತ್ರಿ ದೀಪದ ಕೆಳಗೆ. ಮನೆಯವರಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ಬಾಲ್ಕನಿ ಬಗ್ಗೆ ಒಂದೇ ಮಾತು. ಆರ್ಕಿಟೆಕ್ಟ್ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಜೊತೆಗಾರರು 1977ರಲ್ಲಿ ಮನೆ, ಬೀದಿ, ಊರು ಕಟ್ಟುವ ಬಗ್ಗೆ 253 ಸೂತ್ರಗಳನ್ನು ಬರೆದಿಟ್ಟರು. ಅದರಲ್ಲಿ ಒಂದು, ಆರು ಅಡಿಗಿಂತ ಕಡಿಮೆ ಆಳದ ಬಾಲ್ಕನಿಯನ್ನು ಜನ ಬಳಸುವುದೇ ಅಪರೂಪ ಅನ್ನುತ್ತದೆ. ಇಬ್ಬರು ಎದುರುಬದುರು ಕೂತು ನಡುವೆ ಒಂದು ಪುಟ್ಟ ಮೇಜು ಇಟ್ಟುಕೊಂಡು ಕಾಲು ಚಾಚಲು ಅಷ್ಟು ಜಾಗ ಬೇಕು. ಬಡಾವಣೆಯ ಬಾಲ್ಕನಿಗಳು ಮೂರು ಅಡಿ, ನಾಲ್ಕು ಅಡಿ. ಅವು ಬಟ್ಟೆ ಒಣಗಿಸುವ ಜಾಗ ಆಗಿದ್ದಕ್ಕೆ ನಮ್ಮ ಸೋಮಾರಿತನ ಕಾರಣ ಅಲ್ಲ.

ಕುರ್ಚಿ ಬಿಟ್ಟು ಈ ಮಾತು ಮುಗಿಸಲು ಆಗುವುದಿಲ್ಲ. ಎಲ್ಲರೂ ಕನಸು ಕಾಣುವುದು ಅಮೆರಿಕದ ಈಮ್ಸ್ ದಂಪತಿ ಮಾಡಿದ 1956ರ ಲೌಂಜ್ ಕುರ್ಚಿಯ ಬಗ್ಗೆ, ಆ ಬಾಗಿಸಿದ ಪ್ಲೈವುಡ್, ಕಪ್ಪು ಚರ್ಮದ್ದು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಅದಕ್ಕಿಂತ ನೂರು ವರ್ಷ ಹಿಂದಿನ ಒಂದು ಕುರ್ಚಿಯ ಪಕ್ಷ. ಕುರ್ಚಿ ತಯಾರಕ ಮಿಖಾಯೆಲ್ ಥೋನೆಟ್ ಅವರ 14ನೇ ನಂಬರಿನದು, 1859ರದು. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಮೆತ್ತಗಾಗಿಸಿ ಬಾಗಿಸಿದ್ದು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಸಿ ಇಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿತ್ತು. ಹಡಗಿನಲ್ಲಿ ಎಲ್ಲೆಲ್ಲಿಗೋ ಹೋದವು, ತಲುಪಿದ ಊರಿನಲ್ಲಿ ಜೋಡಿಸಿದರು. ಇವತ್ತು ಮನೆಗೆ ಪೆಟ್ಟಿಗೆ ತರಿಸಿ ಸ್ಕ್ರೂ ತಿರುಗಿಸುತ್ತಾ ಕೂರುತ್ತೇವಲ್ಲ, ಅದೇ ದಾರಿ. ಕೊಳ್ಳುವ ಮುಂಚೆ ಒಂದು ಅಳತೆ ನೆನಪಿಡಿ, ಊಟದ ಮೇಜಿನ ಮೇಲ್ಮೈಗೂ ಕುರ್ಚಿಯ ಸೀಟಿಗೂ ನಡುವೆ ಸುಮಾರು 28ರಿಂದ 30 ಸೆಂಟಿಮೀಟರ್ ಇರಬೇಕು. ಮೇಜು ಒಂದು ಕಡೆ, ಕುರ್ಚಿ ಇನ್ನೊಂದು ಕಡೆ ತಂದವರ ಮನೆಯಲ್ಲಿ ಇದು ತಪ್ಪಿರುತ್ತದೆ. ಭುಜ ಎತ್ತಿಕೊಂಡು ಊಟ ಮಾಡುತ್ತಿರುತ್ತಾರೆ.

ಮುಗಿಸುವ ಮುಂಚೆ ಒಂದು ಆಸ್ಪತ್ರೆಯ ವಿಷಯ. ಮನೆಯ ಮಾತಿನಲ್ಲಿ ಆಸ್ಪತ್ರೆ ಯಾಕೆ ಅನ್ನಬೇಡಿ. ಫಿನ್‌ಲ್ಯಾಂಡಿನ ಪೈಮಿಯೊದಲ್ಲಿ ಕ್ಷಯರೋಗಿಗಳಿಗಾಗಿ ಕಟ್ಟಿದ ಆಸ್ಪತ್ರೆ, 1933ರಲ್ಲಿ ಶುರುವಾದದ್ದು. ಆರ್ಕಿಟೆಕ್ಟ್ ಅಲ್ವಾರ್ ಆಲ್ಟೊ ಮತ್ತು ಅವರ ಹೆಂಡತಿ ಐನೊ ಅದರಲ್ಲಿ ಕೆಲಸ ಮಾಡಿದರು. ಮಾಮೂಲಿ ಕೋಣೆಗಳೆಲ್ಲ ನಿಂತವರಿಗಾಗಿ ಮಾಡಿದ್ದು, ರೋಗಿ ಮಲಗಿರುತ್ತಾನೆ, ಇದು ಆಲ್ಟೊ ಅವರ ಯೋಚನೆ. ಮಲಗಿದವನಿಗೆ ದಿನವಿಡೀ ಕಾಣುವುದು ಚಾವಣಿ. ಅದಕ್ಕೆ ಕಣ್ಣಿಗೆ ಹಿತವಾದ ಗಾಢ ಬಣ್ಣ ಕೊಟ್ಟರು, ದೀಪವನ್ನು ನೇರ ಕಣ್ಣಿಗೆ ಬೀಳದ ಕಡೆ ಇಟ್ಟರು. ಕೈ ತೊಳೆಯುವ ಬೇಸಿನ್ನನ್ನು ಓರೆಯಾಗಿ ರೂಪಿಸಿದರು. ನೀರು ಇಳಿಜಾರಿಗೆ ಬಿದ್ದು ಸದ್ದಿಲ್ಲದೆ ಜಾರಿ ಹೋಗುತ್ತಿತ್ತು, ಪಕ್ಕದ ಹಾಸಿಗೆಯವರ ನಿದ್ದೆ ಕೆಡುತ್ತಿರಲಿಲ್ಲ.

ಇದನ್ನು ಓದಿದ ಮೇಲೆ ನಾನು ಮನೆಯಲ್ಲಿ ಕಿವಿಗೊಟ್ಟು ಕೇಳಲು ಶುರು ಮಾಡಿದೆ. ಫ್ರಿಜ್ಜಿನ ಗುಂಯ್ ಸದ್ದು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದ ಮೇಲೆ ಕಡಿಮೆಯಾಯಿತು. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿದ್ದಾಯಿತು. ಇನ್ನು ಉಳಿದದ್ದು ಬಾತ್‌ರೂಮ್ ಬಾಗಿಲು. ಅದರ ಲಾಚ್ ರಾತ್ರಿ ಹೊತ್ತು ಟಪ್ ಅಂತ ಹೊಡೆದುಕೊಂಡು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಚೌಕಟ್ಟಿನ ತಗಡನ್ನು ಅರ್ಧ ಮಿಲಿಮೀಟರ್ ಉಜ್ಜಿ ನೋಡಿದೆ, ಎಣ್ಣೆ ಬಿಟ್ಟು ನೋಡಿದೆ. ಅಯಸ್ಕಾಂತದ ಲಾಚ್ ಹಾಕಿದರೆ ಸದ್ದೇ ಇರುವುದಿಲ್ಲ ಅನ್ನುತ್ತಾರೆ. ಆದರೆ ನೀರಿನ ಪಸೆ ಇರುವ ಕಡೆ ಅದು ತುಕ್ಕು ಹಿಡಿಯದೆ ಬಾಳುತ್ತದೆಯಾ? ನಿಮ್ಮಲ್ಲಿ ಯಾರಾದರೂ ಹಾಕಿಸಿದ್ದರೆ ದಯವಿಟ್ಟು ಹೋಗುವ ಮುಂಚೆ ನನ್ನನ್ನು ಮಾತಾಡಿಸಿ. ಟೇಪು, ಪುಸ್ತಕ ಎರಡೂ ಚೀಲದಲ್ಲೇ ಇದೆ.